ಒಂದು ದಿನ ಊಟ, ಒಂದು ದಿನ ಬರೀ ನೀರು: ಪೂರ್ಣ ಏಕಾಂತರ ಉಪವಾಸದ ವಿಮರ್ಶೆ

ದಿನಕ್ಕೆ 16 ಗಂಟೆ ಹೊಟ್ಟೆ ಖಾಲಿ ಬಿಟ್ಟು ಉಳಿದ 8 ಗಂಟೆಯಲ್ಲಿ ಉಣ್ಣುವ ಪದ್ಧತಿ ಈಗ ಎಲ್ಲರಿಗೂ ಪರಿಚಿತವಾಗಿದೆ. ಬೆಂಗಳೂರಿನ ಯಾವ ಕಚೇರಿಗೆ ಹೋದರೂ ಒಬ್ಬರಲ್ಲ ಒಬ್ಬರು ಬೆಳಗಿನ ತಿಂಡಿ ಬಿಟ್ಟು ಕೂತಿರುತ್ತಾರೆ. ನಾನು ಇಲ್ಲಿ ಬರೆಯಲು ಹೊರಟಿರುವುದು ಅದಕ್ಕಿಂತ ಬಹಳ ಕಠಿಣವಾದ ಇನ್ನೊಂದು ಪದ್ಧತಿಯ ಬಗ್ಗೆ. ಇದರಲ್ಲಿ ಒಂದು ದಿನ ಎಂದಿನಂತೆ ಊಟ, ಮರುದಿನ ಏನೂ ಇಲ್ಲ. ಭಾನುವಾರ ರಾತ್ರಿ ಎಂಟಕ್ಕೆ ಕೈ ತೊಳೆದರೆ ಮತ್ತೆ ತಟ್ಟೆಯ ಮುಂದೆ ಕೂರುವುದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಅಂದರೆ 36 ಗಂಟೆ ಉಪವಾಸ, 12 ಗಂಟೆ ಊಟದ ಅವಕಾಶ. ಉಪವಾಸದ ದಿನ ನೀರು, ಹಾಲು ಸಕ್ಕರೆ ಇಲ್ಲದ ಕಾಫಿ ಡಿಕಾಕ್ಷನ್ ಅಥವಾ ಟೀ ಬಿಟ್ಟರೆ ಬೇರೇನೂ ಬಾಯಿಗೆ ಹೋಗುವಂತಿಲ್ಲ. ಮಜ್ಜಿಗೆಯೂ ಇಲ್ಲ, ಎಳನೀರೂ ಇಲ್ಲ, ಒಂದು ಬಾಳೆಹಣ್ಣೂ ಇಲ್ಲ. ಒಂದು ಮಳೆಗಾಲ ಪೂರ್ತಿ ಈ ಪದ್ಧತಿಯಲ್ಲಿದ್ದು, ಈಗ ಅದರ ಸೌಮ್ಯ ರೂಪವೊಂದರಲ್ಲಿ ನೆಲೆ ನಿಂತವನಾಗಿ, ಇದನ್ನು ಆರಂಭಿಸಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತೀರ್ಮಾನವನ್ನೇ ಹೇಳಿಬಿಡುತ್ತೇನೆ. ಆರೋಗ್ಯವಾಗಿದ್ದು, ತೂಕ ಹೆಚ್ಚಿರುವ ವಯಸ್ಕರಿಗೆ ಎರಡು ಮೂರು ತಿಂಗಳ ಮಟ್ಟಿಗೆ ಇದು ಕೆಲಸ ಮಾಡುತ್ತದೆ. ಆದರೆ ಇದರ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಉಣ್ಣದ ದಿನದಲ್ಲಲ್ಲ, ಉಣ್ಣುವ ದಿನದ ತಟ್ಟೆಯಲ್ಲಿ. ಈ ಪದ್ಧತಿಯನ್ನು ಹೊಗಳುವವರೂ ತೆಗಳುವವರೂ ಹಸಿವಿನ ಬಗ್ಗೆಯೇ ಮಾತಾಡುತ್ತಾರೆ, ತಟ್ಟೆಯ ಬಗ್ಗೆ ಮಾತಾಡುವವರು ಕಡಿಮೆ.

ಇದರ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಆಸ್ಟ್ರಿಯಾದ ಗ್ರಾಟ್ಜ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಬಹಳ ಮುಖ್ಯವಾದುದು. ಅಲ್ಲಿ 60 ಮಂದಿ ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ನಾಲ್ಕು ವಾರ ಇದೇ 36 ಮತ್ತು 12 ಗಂಟೆಯ ಲೆಕ್ಕದಲ್ಲಿ ಇರಿಸಿದರು. ಕದ್ದು ತಿಂದರೆ ತಿಳಿಯಲೆಂದು ರಕ್ತದ ಸಕ್ಕರೆಯನ್ನು ನಿರಂತರವಾಗಿ ಅಳೆಯುವ ಯಂತ್ರವನ್ನೂ ಬಳಸಿದರು. ಊಟದ ದಿನ ಎಷ್ಟು ಬೇಕಾದರೂ ತಿನ್ನಬಹುದಿತ್ತು. ಆದರೂ ಉಪವಾಸದ ಗುಂಪಿನವರು ಸರಾಸರಿ 3.5 ಕೆ.ಜಿ. ಇಳಿದರು. ಕಳೆದುಕೊಂಡ ಒಂದು ದಿನದ ಆಹಾರವನ್ನು ಮರುದಿನ ಪೂರ್ತಿಯಾಗಿ ತುಂಬಿಕೊಳ್ಳಲು ಹೆಚ್ಚಿನವರಿಗೆ ಆಗುವುದಿಲ್ಲ ಎಂಬುದೇ ಇದರ ಒಳಗುಟ್ಟು. ಪದ್ಧತಿಯ ಯಶಸ್ಸೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ, ಬೇರೆ ಪವಾಡವೇನೂ ಇಲ್ಲ. ಅದನ್ನು ನಡೆಸಿದ ಸಂಶೋಧಕರು ಕೂಡ ಇದನ್ನು ಎಲ್ಲರ ನಿತ್ಯದ ಆಹಾರಕ್ರಮವಾಗಿ ಶಿಫಾರಸು ಮಾಡಲಿಲ್ಲ. ಬೊಜ್ಜಿರುವವರು ಕೆಲವು ತಿಂಗಳ ಮಟ್ಟಿಗೆ ಅನುಸರಿಸಬಹುದಾದ ಕ್ರಮವೆಂದಷ್ಟೇ ಹೇಳಿದರು.

ಇನ್ನೊಂದು ಬದಿಯನ್ನೂ ನೋಡಬೇಕು. ಷಿಕಾಗೋದಲ್ಲಿ 100 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಉಪವಾಸದ ದಿನ ಅಗತ್ಯದ ಕಾಲು ಭಾಗದಷ್ಟು ಆಹಾರಕ್ಕೆ ಅವಕಾಶವಿತ್ತು. ವರ್ಷದ ಕೊನೆಗೆ ಏಕಾಂತರ ಉಪವಾಸದವರು ಶೇ 6.0ರಷ್ಟು, ದಿನವೂ ಸ್ವಲ್ಪ ಸ್ವಲ್ಪ ಕಡಿಮೆ ಉಂಡವರು ಶೇ 5.3ರಷ್ಟು ತೂಕ ಇಳಿಸಿದ್ದರು. ಇದನ್ನು ವ್ಯತ್ಯಾಸವೆಂದು ಕರೆಯುವಂತೆಯೇ ಇಲ್ಲ. ಮೇಲಾಗಿ ನಡುವೆ ಕೈಬಿಟ್ಟವರ ಪ್ರಮಾಣ ಉಪವಾಸದ ಗುಂಪಿನಲ್ಲಿ ಶೇ 38, ಇನ್ನೊಂದರಲ್ಲಿ ಶೇ 29. ಹಾಗಿದ್ದಮೇಲೆ ದಿನವೂ ಎರಡು ತುತ್ತು ಕಡಿಮೆ ಉಣ್ಣಬಲ್ಲವರು ಈ ಕಷ್ಟಕ್ಕೆ ಕೈ ಹಾಕಬೇಕಾದ ಅಗತ್ಯವೇ ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಎರಡು ತುತ್ತು ಕಡಿಮೆ ಉಣ್ಣಲು ಆಗದವರು ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ಅರ್ಧ ಚಪಾತಿಗೆ ನಿಲ್ಲಿಸುವುದಕ್ಕಿಂತ ಚಪಾತಿಯನ್ನೇ ಮುಟ್ಟದಿರುವುದು ನನಗೆ ಸುಲಭ. ಉಪವಾಸದ ದಿನ 500 ಕ್ಯಾಲೊರಿ ತಿನ್ನಬಹುದೆಂಬ ಸೌಮ್ಯ ಪದ್ಧತಿಯಲ್ಲಿ ಆ 500 ಕ್ಯಾಲೊರಿ ಯಾವುದು, ಎಷ್ಟು ಹೊತ್ತಿಗೆ, ಅದರಲ್ಲಿ ಎಣ್ಣೆ ಎಷ್ಟು ಎಂಬ ಲೆಕ್ಕದಲ್ಲೇ ಇಡೀ ದಿನ ಊಟದ ಧ್ಯಾನವಾಗಿಬಿಡುತ್ತದೆ. ಪೂರ್ಣ ಉಪವಾಸದಲ್ಲಿ ಆ ಚೌಕಾಸಿ ಇಲ್ಲ. ಈ ದಿನ ಊಟವಿಲ್ಲ ಎಂದು ಬೆಳಿಗ್ಗೆಯೇ ತೀರ್ಮಾನವಾದಮೇಲೆ ಮನಸ್ಸು ಬೇರೆ ಕೆಲಸಕ್ಕೆ ಹೊರಳುತ್ತದೆ. ಈ ಪದ್ಧತಿಗೆ ನಾನು ಕೊಡುವ ಅತಿ ದೊಡ್ಡ ಅಂಕ ಇದಕ್ಕೇ.

ದಿನ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಹೀರಾತುಗಳಲ್ಲಿ ಇದು ಸಿಗುವುದಿಲ್ಲ. ಬೆಳಗಿನ ಹೊತ್ತು ಏನೂ ಅನ್ನಿಸುವುದಿಲ್ಲ. ಮಧ್ಯಾಹ್ನ ಊಟದ ಸಮಯಕ್ಕೆ ಸರಿಯಾಗಿ ಹಸಿವು ಏಳುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ತಾನಾಗಿಯೇ ಅಡಗುತ್ತದೆ. ನಿಜವಾದ ಪರೀಕ್ಷೆ ಸಂಜೆ ಏಳರ ನಂತರ, ಅಡುಗೆಮನೆಯಲ್ಲಿ ಸಾಸಿವೆ ಸಿಡಿದು ಇಂಗು ಕರಿಬೇವಿನ ಒಗ್ಗರಣೆಯ ಘಮ ಹಜಾರಕ್ಕೆ ಬರುವಾಗ. ಆ ಹೊತ್ತಿಗೆ ಬೆರಳ ತುದಿಗಳು ತಣ್ಣಗಾಗಿರುತ್ತವೆ, ನಾಲಿಗೆಯ ಮೇಲೆ ಬಿಳಿ ಪದರವೊಂದು ಕೂತಿರುತ್ತದೆ, ಬಾಯಲ್ಲಿ ಒಂದು ಬಗೆಯ ಲೋಹದ ರುಚಿ ಇರುತ್ತದೆ. ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಂಗ್ರಹವಾಗಿರುವ ಸುಮಾರು 100 ಗ್ರಾಂ ಸಕ್ಕರೆ ಬಹುಮಟ್ಟಿಗೆ ಖರ್ಚಾಗಿ, ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಬದಲಿ ಇಂಧನವನ್ನು ತಯಾರಿಸಿಕೊಳ್ಳಲು ಆರಂಭಿಸಿರುವುದರ ಗುರುತು ಇದು. ರಾತ್ರಿ ನಿದ್ದೆ ಮಾತ್ರ ತೆಳುವಾಗುತ್ತದೆ. ಎರಡನೆಯ ವಾರದ ಹೊತ್ತಿಗೆ ತಲೆನೋವು ಕಡಿಮೆಯಾಯಿತು. ನೀರಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವುದರಿಂದ ನನಗೆ ಅನುಕೂಲವಾಯಿತು. ಆದರೆ ನಿದ್ದೆ ಕೊನೆಯವರೆಗೂ ಸರಿಹೋಗಲಿಲ್ಲ. ರೂಢಿಯಾದರೆ ಹಸಿವೇ ಆಗುವುದಿಲ್ಲವೆಂದು ಹೇಳುವವರ ಮಾತನ್ನು ನಂಬಬೇಡಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ಮಂದಿ 22 ದಿನ ಹೀಗೆಯೇ ದಿನ ಬಿಟ್ಟು ದಿನ ಏನೂ ತಿನ್ನದೆ ಇದ್ದರು. ಅವರ ತೂಕ ಇಳಿಯಿತು, ಉಪವಾಸದ ದಿನದ ಹಸಿವು ಇಳಿಯಲಿಲ್ಲ. ನನ್ನ ಅನುಭವವೂ ಅದೇ. ಹಸಿವು ಕಡಿಮೆಯಾಗುವುದಿಲ್ಲ, ಅದರ ಭಯ ಕಡಿಮೆಯಾಗುತ್ತದೆ.

ಈಗ ತಟ್ಟೆಯ ವಿಷಯಕ್ಕೆ ಬರುತ್ತೇನೆ. ದೇಹಕ್ಕೆ ದಿನವೊಂದಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕೆಂಬುದು ನಮ್ಮ ದೇಶದ ಅಧಿಕೃತ ಶಿಫಾರಸು. 70 ಕಿಲೋ ತೂಗುವವರಿಗೆ ಅದು 58 ಗ್ರಾಂ ಆಗುತ್ತದೆ. ಎರಡು ದಿನಕ್ಕೊಮ್ಮೆ ಉಣ್ಣುವವರು ಉಣ್ಣುವ ದಿನವಾದರೂ ಅದಕ್ಕಿಂತ ಸಾಕಷ್ಟು ಹೆಚ್ಚು ತಿನ್ನಬೇಕು. ಅನ್ನ, ತಿಳಿಸಾರು, ಹಪ್ಪಳ, ಒಂದು ಸೌಟು ಮಜ್ಜಿಗೆಯ ನಮ್ಮ ಸಾಮಾನ್ಯ ಊಟದಲ್ಲಿ ಇದು ದೊರೆಯುವ ಮಾತೇ ಇಲ್ಲ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ನಿಜ. ಆದರೆ ಸಾರಿನ ಬಟ್ಟಲಿಗೆ ಬರುವ ಬೇಳೆ ಎಷ್ಟು? ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ 36 ಮಂದಿ ತೆಳು ಮೈಕಟ್ಟಿನವರ ಮೇಲೆ ಮೂರು ವಾರ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಎಚ್ಚರಿಕೆಯ ಗಂಟೆಯಾಗಬೇಕು. ದಿನವೂ ಕಡಿಮೆ ಉಂಡವರಲ್ಲಿ ಇಳಿದ ತೂಕ ಬಹುಪಾಲು ಕೊಬ್ಬಾಗಿತ್ತು. ದಿನ ಬಿಟ್ಟು ದಿನ ಪೂರ್ಣ ಉಪವಾಸ ಮಾಡಿ ಮರುದಿನ ಒಂದೂವರೆಪಟ್ಟು ಉಂಡವರಲ್ಲಿ ಇಳಿದದ್ದರ ಸುಮಾರು ಅರ್ಧ ಮಾತ್ರ ಕೊಬ್ಬು. ತಕ್ಕಡಿ ಈ ಎರಡರ ನಡುವಿನ ವ್ಯತ್ಯಾಸವನ್ನು ತೋರಿಸುವುದಿಲ್ಲ. ಹೊಟ್ಟೆ ಕರಗಿದೆಯೆಂದು ಸಂತೋಷಪಡುವ ಹೊತ್ತಿಗೆ ತೊಡೆಯ ಸ್ನಾಯುವೂ ಕರಗಿರಬಹುದು. ಈಗಾಗಲೇ ತೆಳ್ಳಗಿರುವವರು ಇನ್ನಷ್ಟು ತೆಳ್ಳಗಾಗಲು ಇದನ್ನು ಹಿಡಿಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ ಊಟದ ದಿನದ ಅಡುಗೆಯೇ ಬದಲಾಯಿತು. ಉಪವಾಸ ಮುಗಿದ ಬೆಳಿಗ್ಗೆ ಮೊದಲು ತೆಳ್ಳನೆಯ ಹೆಸರುಬೇಳೆ ತೊವ್ವೆ, ಎರಡು ಚಮಚ ಬಿಸಿ ಅನ್ನ; ಒಂದು ಗಂಟೆ ಬಿಟ್ಟು ಪೆಸರಟ್ಟು ಇಲ್ಲವೇ ಮೊಟ್ಟೆ; ಮಧ್ಯಾಹ್ನ ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರಿನೊಂದಿಗೆ ರಾಗಿಮುದ್ದೆ; ರಾತ್ರಿ ಚಪಾತಿಯ ಜೊತೆ ಪನೀರ್ ಅಥವಾ ಕಡಲೆಕಾಳು, ಗಟ್ಟಿ ಮೊಸರು. ಖಾಲಿ ಹೊಟ್ಟೆಗೆ ಮೊದಲೇ ಮಸಾಲೆ ದೋಸೆ, ಬಿಸಿ ಬಿಸಿ ವಡೆ ಇಳಿಸಿದರೆ ಹೊಟ್ಟೆ ತೊಳಸಿ ಬಚ್ಚಲಿಗೆ ಓಡುವ ಪಾಡು ಬರುತ್ತದೆ.

ಈ ವಿಷಯದಲ್ಲಿ ನಮ್ಮ ಹಿರಿಯರ ಏಕಾದಶಿ ಕ್ರಮದಿಂದ ಕಲಿಯುವುದು ಬಹಳವಿದೆ. ಉಡುಪಿಯ ಮಾಧ್ವ ಸಂಪ್ರದಾಯದಲ್ಲಿ ದಶಮಿಯಂದು ಒಂದೇ ಹೊತ್ತು ಊಟ, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಬೆಳಿಗ್ಗೆ ಬೇಗ ಪಾರಣೆ. ಪಾರಣೆಗೆ ಹಲವು ಮನೆಗಳಲ್ಲಿ ಅಗಸೆಸೊಪ್ಪು, ನೆಲ್ಲಿಕಾಯಿ ಸೇರಿಸುವ ವಾಡಿಕೆ ಇದೆ. ಉಪವಾಸಕ್ಕೆ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಒಂದು ಕ್ರಮವಿರಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಏಕಾದಶಿ ಬರುವುದು ಹದಿನೈದು ದಿನಕ್ಕೊಮ್ಮೆ, ವರ್ಷಕ್ಕೆ 24 ಸಲ, ಅಧಿಕ ಮಾಸವಿದ್ದರೆ 26 ಸಲ. ‘ನಮ್ಮಜ್ಜಿ ಮಾಡುತ್ತಿದ್ದರಲ್ಲ’ ಎಂಬ ಧೈರ್ಯದ ಮೇಲೆ ವಾರಕ್ಕೆ ಮೂರು ನಾಲ್ಕು ಪೂರ್ಣ ಉಪವಾಸಕ್ಕೆ ಇಳಿಯುವವರು ಈ ಅಂತರವನ್ನು ಗಮನಿಸಬೇಕು. ಫಲಾಹಾರವೆಂದು ಸಾಬೂದಾನಿ ಖಿಚಡಿ ತಿನ್ನುವ ಉಪವಾಸವಂತೂ ಬೇರೆಯೇ ಲೆಕ್ಕ. ಅದು ಬಹುತೇಕ ಪಿಷ್ಟದ ಊಟ. ದಿನ ಬಿಟ್ಟು ದಿನ ಎಂಬ ಲೆಕ್ಕಕ್ಕೆ ನಿಜವಾಗಿ ಹತ್ತಿರವಿರುವುದು ಜೈನರ ವರ್ಷೀತಪ. ಬೆಂಗಳೂರಿನಲ್ಲಿ ನೆಲೆಸಿರುವ ರಾಜಸ್ಥಾನ, ಗುಜರಾತ್ ಮೂಲದ ಶ್ವೇತಾಂಬರ ಕುಟುಂಬಗಳಲ್ಲಿ ಇದನ್ನು ಆಚರಿಸುವವರಿದ್ದಾರೆ. ಸುಮಾರು 13 ತಿಂಗಳು ಒಂದು ದಿನ ಕುದಿಸಿದ ನೀರು ಮಾತ್ರ, ಅದೂ ಹಗಲಲ್ಲಷ್ಟೇ; ಮರುದಿನ ಮಿತವಾದ ಊಟ. ಕೊನೆಗೆ ಅಕ್ಷಯ ತದಿಗೆಯಂದು ಕಬ್ಬಿನ ಹಾಲಿನಿಂದ ಪಾರಣೆ. ಅದರ ಹಿಂದೆ ವ್ರತವಿದೆ, ಗುರುವಿದ್ದಾರೆ, ಇಡೀ ಸಮುದಾಯದ ಬೆಂಬಲವಿದೆ. ಒಬ್ಬರೇ ಫ್ಲ್ಯಾಟಿನಲ್ಲಿ ಕೂತು ಮೊಬೈಲು ನೋಡಿಕೊಂಡು ಮಾಡುವವರಿಗೆ ಇವು ಯಾವುವೂ ಇರುವುದಿಲ್ಲ.

ಮೊಬೈಲಿನ ಮಾತು ಬಂದದ್ದರಿಂದ ಉಪವಾಸದ ಆ್ಯಪ್‌ಗಳ ಬಗ್ಗೆ ಎರಡು ಮಾತು. ನಾನು ಹಣ ಕೊಟ್ಟು ಬಳಸಿದ ಆ್ಯಪ್‌ನಲ್ಲಿ ಗಂಟೆ ಎಣಿಸುವ ಭಾಗ ಚೆನ್ನಾಗಿತ್ತು, ಅಷ್ಟೇ ಸಾಕೂ ಆಗಿತ್ತು. ಆದರೆ ಇಷ್ಟನೆಯ ಗಂಟೆಗೆ ನಿಮ್ಮ ದೇಹದಲ್ಲಿ ಆಟೋಫ್ಯಾಜಿ ಆರಂಭವಾಯಿತೆಂದು ಅದು ಬಣ್ಣದ ವೃತ್ತ ತೋರಿಸುತ್ತದೆ. ಜೀವಕೋಶಗಳು ತಮ್ಮದೇ ಹಳೆಯ ಭಾಗಗಳನ್ನು ಕರಗಿಸಿ ಮರುಬಳಕೆ ಮಾಡಿಕೊಳ್ಳುವ ಈ ಕ್ರಿಯೆಯ ಬಗ್ಗೆ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಯೀಸ್ಟ್ ಕೋಶಗಳ ಮೇಲೆ ಮಾಡಿದ ಕೆಲಸಕ್ಕೆ. ನನ್ನ ಮೈಯೊಳಗೆ ಅದು ಯಾವ ಗಂಟೆಗೆ ಶುರುವಾಗುತ್ತದೆಂದು ಜೇಬಿನಲ್ಲಿರುವ ಫೋನು ಹೇಳಲು ಸಾಧ್ಯವಿಲ್ಲ. ತಲೆ ಸುತ್ತುತ್ತಿದ್ದರೂ ಇನ್ನೆರಡು ಗಂಟೆ ತಡೆಯಲು ಹುರಿದುಂಬಿಸುವ ಆ ಸಂದೇಶಗಳು ಅಪಾಯಕಾರಿ. ಗೋಡೆಯ ಗಡಿಯಾರ ಇದ್ದವರು ಈ ಚಂದಾ ಹಣವನ್ನು ಬೇಳೆಕಾಳಿಗೆ ಖರ್ಚು ಮಾಡಬಹುದು.

ಕುಟುಂಬ ಜೀವನದೊಂದಿಗೆ ಇದು ಹೊಂದುವುದು ಕಷ್ಟ. ವಾರಕ್ಕೆ ಏಳು ದಿನವಿರುವುದರಿಂದ ಒಂದು ವಾರ ಸೋಮ, ಬುಧ, ಶುಕ್ರ, ಭಾನುವಾರ ಬಂದ ಉಪವಾಸ ಮರುವಾರ ಮಂಗಳ, ಗುರು, ಶನಿವಾರಕ್ಕೆ ಜಾರುತ್ತದೆ. ಗೃಹಪ್ರವೇಶ, ನಾಮಕರಣ, ಹಬ್ಬ ಯಾವುದು ಬಂದರೂ ಅರ್ಧಕ್ಕರ್ಧ ಉಪವಾಸದ ದಿನವೇ ಬರುತ್ತದೆ. ಬಾಳೆಯೆಲೆಯ ಮುಂದೆ ಬರೀ ನೀರು ಕುಡಿದು ಕೂರುವವನನ್ನು ಕಂಡು ಬಡಿಸುವವರಿಗೆ ಆಗುವ ಬೇಸರವನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಯಾರು ಮಾಡಲೇಬಾರದು ಎಂಬುದನ್ನು ಒತ್ತಿ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವ ಮಧುಮೇಹಿಗಳು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿದ್ದರೆ ದೀರ್ಘ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಅದೂ ಸಕ್ಕರೆಯ ಅಂಕಿ ಹೆಚ್ಚು ಏರದೆಯೇ. ಮನೆಮನೆಯಲ್ಲೂ ಮಧುಮೇಹವಿರುವ ನಮ್ಮ ನಾಡಿನಲ್ಲಿ ವೈದ್ಯರನ್ನು ಕೇಳದೆ ಇದನ್ನು ಆರಂಭಿಸುವುದು ಸರಿಯಲ್ಲ. ಗರ್ಭಿಣಿಯರು, ಎದೆಹಾಲುಣಿಸುವವರು, ಬೆಳೆಯುವ ಮಕ್ಕಳು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಇದರ ಹತ್ತಿರವೂ ಸುಳಿಯಬಾರದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು, ಗೌಟ್ ಅಥವಾ ಪಿತ್ತಕೋಶದ ಕಲ್ಲು ಇರುವವರೂ ಮೊದಲು ವೈದ್ಯರೊಂದಿಗೆ ಮಾತಾಡಬೇಕು.

ಐದು ಅಂಕಗಳಿಗೆ ಲೆಕ್ಕ ಹಾಕಿದರೆ ತೂಕ ಇಳಿಸುವ ಶಕ್ತಿಗೆ ನಾಲ್ಕು, ಸರಳತೆಗೆ ಐದು, ಸ್ನಾಯುಗಳ ರಕ್ಷಣೆಗೆ ಎರಡು, ಮನೆಮಂದಿಯೊಂದಿಗಿನ ಹೊಂದಾಣಿಕೆಗೆ ಒಂದು ಕೊಡುತ್ತೇನೆ. ಈಗ ನಾನು ವಾರಕ್ಕೊಂದು ಪೂರ್ಣ ಉಪವಾಸವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅದಕ್ಕೆ ಗುರುವಾರವನ್ನು ಆರಿಸಿಕೊಂಡ ಕಾರಣವಿಷ್ಟೇ: ವಾರಾಂತ್ಯದ ಹಬ್ಬ ಮದುವೆಗಳಿಗೆ ಅಡ್ಡಿಯಾಗುವುದಿಲ್ಲ, ಕಚೇರಿಯಲ್ಲಿ ಕೆಲಸ ಹೆಚ್ಚಿರುವುದರಿಂದ ಮಧ್ಯಾಹ್ನದ ಹಸಿವು ಬಂದು ಹೋದದ್ದೂ ತಿಳಿಯುವುದಿಲ್ಲ, ಮತ್ತು ಶುಕ್ರವಾರ ಬೆಳಿಗ್ಗೆ ತೊವ್ವೆ ಬೇಯಿಸಲು ಮನೆಯಲ್ಲಿ ಎಲ್ಲರಿಗೂ ಪುರುಸೊತ್ತಿರುತ್ತದೆ.