ಅಂಟುವಾಳದ ನೀರಲ್ಲಿ ಅಮ್ಮನ ಮೊಳಕಾಲ್ಮೂರು ಸೀರೆ

ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ ರೇಷ್ಮೆ ಸೀರೆಗಳನ್ನು ಅಂಟುವಾಳ, ಸೀಗೆಕಾಯಿ ಹಾಕಿ ಒಗೆದು ಕೊಡುತ್ತಾರೆ. ನನ್ನ ಸೀರೆಯಾಗಿದ್ದರೆ ಸುಮ್ನೆ ಕೊಟ್ಟು ನೋಡುತ್ತಿದ್ದೆ. ಇದು ಅಮ್ಮನ ಮದುವೆಯ ಮೊಳಕಾಲ್ಮೂರು ಸೀರೆ, ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಹೋದ ವರ್ಷ ಒಂದು ಡ್ರೈಕ್ಲೀನ್ ಅಂಗಡಿಗೆ ಕೊಟ್ಟಿದ್ದೆ, ಸೀಮೆಎಣ್ಣೆಯಂಥ ವಾಸನೆ ಎರಡು ತಿಂಗಳು ಬೀರುವಿನಲ್ಲೇ ಕೂತಿತ್ತು.

ಒಗೆದು ಕೊಡುವ ಆಂಟಿ ಸೀರೆಯನ್ನು ಮಂಚದ ಮೇಲೆ ಹರಡಿ, ಬಿಳಿ ಕರ್ಚೀಫು ಒದ್ದೆ ಮಾಡಿ ಅಂಚಿನ ಒಂದು ಮೂಲೆಗೆ ಹೆಬ್ಬೆರಳಿಂದ ಒತ್ತಿ ಹಿಡಿದರು. ತೆಗೆದಾಗ ತೆಳುವಾಗಿ ಕೆಂಪು ಹತ್ತಿತ್ತು. "ಇನ್ನೂ ಬಣ್ಣ ಬಿಡ್ತದೆ ನೋಡಮ್ಮ, ಅಂಚು ಒಡಲಿಗೆ ತಾಗದಂಗೆ ಹಿಡ್ಕೊಂಡು ಒಗೀಬೇಕು" ಅಂದರು. ಸೆರಗಿನ ಮೇಲಿನ ಎಣ್ಣೆ ಕಲೆ ತೋರಿಸಿದೆ. "ಇದಕ್ಕೆ ಅಂಟುವಾಳ ಸಾಲಂಗಿಲ್ಲ, ಪೂರ್ತಿ ಹೋಗ್ತದೆ ಅಂತ ಹೇಳಂಗಿಲ್ಲ" ಅಂದರು. ಅಷ್ಟಕ್ಕೇ ನನಗೆ ಅರ್ಧ ನಂಬಿಕೆ ಬಂತು.

ಅಂಟುವಾಳದ ಕರಿ ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕುತ್ತಾರೆ. ಬೆಳಿಗ್ಗೆ ಕೈಯಲ್ಲಿ ಹಿಸುಕಿದರೆ ನೊರೆ ಉಕ್ಕುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ, ಇಲ್ಲದಿದ್ದರೆ ಸಿಪ್ಪೆಯ ಚೂರು ಜರಿಗೆ ಸಿಕ್ಕಿಕೊಳ್ಳುತ್ತದೆ. ನೊರೆ ಬರುವುದು ಅದರಲ್ಲಿರುವ ಸಪೋನಿನ್‌ನಿಂದ. ರೇಷ್ಮೆ ಅಂದರೆ ನಮ್ಮ ಕೂದಲಿನ ಹಾಗೇ ಪ್ರೋಟೀನ್, ಅದಕ್ಕೆ ಕ್ಷಾರ ಆಗಿಬರುವುದಿಲ್ಲ. ಸಾಮಾನ್ಯ ಸೋಪಿನ ಪುಡಿಯಲ್ಲಿ ಕ್ಷಾರ ಜಾಸ್ತಿ. ತಲೆಗೆ ಯಾರೂ ಸೋಪಿನ ಪುಡಿ ಹಾಕುವುದಿಲ್ಲ, ಅಲ್ವಾ? ಜೊತೆಗೆ ನಮ್ಮ ಬೋರ್ ನೀರು ಗಡಸು, ಅದರಲ್ಲಿ ಸೋಪು ಬಿಳಿ ಜಿಡ್ಡಾಗಿ ಬಟ್ಟೆಗೆ ಅಂಟುತ್ತದೆ, ಅಂಟುವಾಳಕ್ಕೆ ಆ ಕಾಟ ಇಲ್ಲ. ಉಜ್ಜುವುದಿಲ್ಲ, ಹಿಂಡುವುದಿಲ್ಲ, ಅದ್ದಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸುತ್ತಾರೆ.

ಹಂಗಾದ್ರೆ ಇದು ಪೂರ್ತಿ ಪರಿಸರಸ್ನೇಹಿ ರೇಷ್ಮೆ ಅನ್ನಬಹುದಾ ಅಂತ ಕೇಳಿದೆ. ಆಂಟಿಯ ತವರು ಮೊಳಕಾಲ್ಮೂರಿನ ನೇಕಾರರ ಮನೆ. ನಕ್ಕುಬಿಟ್ಟರು. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಸೆರಿಸಿನ್ ಅನ್ನುವ ಅಂಟೇ ಇರುತ್ತದೆ, ಅದನ್ನು ಬಿಡಿಸಲು ನೂಲನ್ನು ಸೋಪು, ಸೋಡಾ ಹಾಕಿದ ನೀರಲ್ಲಿ ಕುದಿಸುತ್ತಾರೆ. ಅವರು ಕಂಡದ್ದು ಅದನ್ನೇ. "ನಾನು ಒಗೆಯೋದಷ್ಟೇ ಅಂಟುವಾಳದಾಗೆ, ನೂಲಿನ ಮಾತು ಬೇರೆ" ಅಂದರು. ಇಕೋ ಫ್ರೆಂಡ್ಲಿ ಅಂತ ಚೀಟಿ ಅಂಟಿಸಿ ಜಾಸ್ತಿ ದುಡ್ಡು ಕೀಳುವವರ ನಡುವೆ ಈ ಮಾತು ಕೇಳಿ ಖುಷಿಯಾಯಿತು.

ಸೀರೆಗೆ 250 ರೂಪಾಯಿ. ಐದು ದಿನ ಅಂದವರು ಮಳೆಯ ನೆಪದಲ್ಲಿ ಒಂಬತ್ತು ದಿನ ಮಾಡಿದರು, ನಾನು ಮೂರು ಸಲ ಅಲೆದೆ. ಫೋನ್ ಮಾಡಿ ಹೇಳಬಹುದಿತ್ತು. ಕಡಲೆಹಿಟ್ಟು ಉದುರಿಸಿಟ್ಟ ಮೇಲೂ ಎಣ್ಣೆ ಕಲೆಯ ನೆರಳು ಉಳಿದಿದೆ. ತಂಗಿಯ ಕೆನೆ ಬಣ್ಣದ ಸೀರೆಯನ್ನಂತೂ ಮುಟ್ಟಲೇ ಇಲ್ಲ, ಅಂಟುವಾಳದ ಕಂದು ನೀರು ತಿಳಿ ಬಣ್ಣಕ್ಕೆ ಹತ್ತಬಹುದಂತೆ.

ಕೆಂಪು ಮಾತ್ರ ಅರಿಶಿನಕ್ಕೆ ಒಂದು ಚೂರೂ ಇಳಿದಿಲ್ಲ. ಪಾಲಿಶ್ ಮಾಡುವುದಿಲ್ಲವಾದ್ದರಿಂದ ಸೀರೆ ಗರಿಗರಿ ಇಲ್ಲ, ಕೈಯಲ್ಲಿ ಜಾರುತ್ತದೆ. ಅತ್ತಿಗೆ "ಇಸ್ತ್ರಿನೇ ಮಾಡಿಲ್ವಲ್ಲ" ಅಂದರು. ಅಮ್ಮ ಮಡಿಕೆ ಬಿಡಿಸಿ ಮೂಸಿ ನೋಡಿ, "ಎಣ್ಣೆ ನೀರು ಹಾಕ್ಕೊಂಡ ದಿನದ ವಾಸನೆ" ಅಂದರು.