ಇಂಗ್ಲಿಷ್ ಎಂ.ಎ.ಗೆ ಪೆರಿಯವೋ, ಕೊಣಾಜೆಯೋ?

ಕಾಸರಗೋಡಿನ ಕನ್ನಡ ಮಕ್ಕಳು ಇಂಗ್ಲಿಷ್ ಎಂ.ಎ. ಎಂದೊಡನೆ ಕೇಳುವ ಪ್ರಶ್ನೆ ಇದು. ಪೆರಿಯದಲ್ಲಿ 2009ರಲ್ಲಿ ಹುಟ್ಟಿದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಗಡಿಯಾಚೆ ಕೊಣಾಜೆಯಲ್ಲಿ 1980ರ ಮಂಗಳೂರು ವಿಶ್ವವಿದ್ಯಾಲಯ.

ಪೆರಿಯದ ವಿಭಾಗದ ಹೆಸರನ್ನೇ ಗಮನಿಸಿ: ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದವರಿಗೆ ಈ ‘ತೌಲನಿಕ’ ಹೊಸದೇನಲ್ಲ. ಒಂದೇ ಕತೆ ಮೂರು ಭಾಷೆಗಳಲ್ಲಿ ಹೇಗೆ ಬಣ್ಣ ಬದಲಿಸುತ್ತದೆ ಎಂಬುದನ್ನು ಅಜ್ಜಿಯ ಬಾಯಿಂದಲೇ ಕೇಳಿದವರು ನಾವು. ಆದರೆ ಪ್ರವೇಶಕ್ಕೆ ಸಿಯುಇಟಿ ಎಂಬ ದೇಶಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಬಾಗಿಲು ದಾಟಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಊಹಿಸಿ ಗುರುತು ಹಾಕುವ ಚಾಳಿ ಇದ್ದವರು ಎಚ್ಚರ. ದೇಶದ ನಾನಾ ಕಡೆಯವರು ಬರುವುದರಿಂದ ಇಂಗ್ಲಿಷ್ ಮಾತನಾಡದೆ ವಿಧಿಯಿಲ್ಲ. ನನ್ನಂಥ ಕನ್ನಡ ಮಾಧ್ಯಮದವರಿಗೆ ಮೊದಲ ಕೆಲವು ತಿಂಗಳು ನಾಲಗೆ ತೊಡರುತ್ತದೆ, ಆಮೇಲೆ ಸರಿಹೋಗುತ್ತದೆ.

ಕೊಣಾಜೆಯ ಲಾಭ ಬೇರೆ. ಅದೇ ಆವರಣದಲ್ಲಿ ಎಸ್‌ವಿಪಿ ಕನ್ನಡ ಅಧ್ಯಯನ ಸಂಸ್ಥೆ ಇದೆ. ಅನುವಾದದಲ್ಲಿ ಆಸಕ್ತಿ ಇದ್ದರೆ ಸಾಲೊಂದು ಕೈಕೊಟ್ಟಾಗ ಕೇಳಲು ಕನ್ನಡ ಬಲ್ಲವರು ಕೂಗಳತೆಯಲ್ಲಿರುತ್ತಾರೆ.

ಪ್ರಯಾಣ? ಮಂಜೇಶ್ವರ, ಉಪ್ಪಳದವರು ಮಂಗಳೂರಿನ ಬಸ್ ಹತ್ತಿ ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆಯ ಬಸ್ಸಿಗೆ ಕಾಯಬೇಕು. ಮಳೆಗಾಲದಲ್ಲಿ ಅಲ್ಲಿ ಕೊಡೆಯೂ ಸಾಲದು. ಕಾಸರಗೋಡಿನಿಂದ ತೆಂಕಣವರಿಗೆ ಪೆರಿಯವೇ ಹತ್ತಿರ.

ಮುಂದೆ ಅಧ್ಯಾಪನ ಬಯಸುವವರು ಇದನ್ನೂ ನೆನಪಿಡಿ: ಅಧ್ಯಾಪಕರ ಅರ್ಹತಾ ಪರೀಕ್ಷೆಗಳಲ್ಲಿ ರಾಜ್ಯಮಟ್ಟದ ಕೆ-ಸೆಟ್ ಕರ್ನಾಟಕದೊಳಗಷ್ಟೇ ಮಾನ್ಯ, ರಾಷ್ಟ್ರಮಟ್ಟದ ನೆಟ್ ಎರಡೂ ಕಡೆ. ನನ್ನನ್ನು ಕೇಳಿದರೆ, ಅನುವಾದಕ್ಕೆ ಕೊಣಾಜೆ, ಸಂಶೋಧನೆಗೆ ಪೆರಿಯ.