ನಾಲ್ಕು ತುಂಡಿನ ಗಾಳದ ಕೋಲು: ಮುಲುಂಡ್‌ನಿಂದ ಮಿನ್ನೆಸೋಟಕ್ಕೆ, ಅಲ್ಲಿಂದ ಪೊವಾಯಿಗೆ

ಇದು ಸಮುದ್ರಕ್ಕೆ ಒಯ್ಯುವ ಕೋಲಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಾಂದ್ರಾದ ಬಂಡೆಗಳ ಮೇಲೆ ನಿಂತು ಮುಷ್ಟಿಗಾತ್ರದ ಸೀಸ ಕಟ್ಟಿ ಬೀಸುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಸಿಹಿನೀರಿನ ತಳದಲ್ಲಿ ಕೂತ ಮೀನು ಗಾಳವನ್ನು ಸದ್ದಿಲ್ಲದೆ ಬಾಯಿಗೆ ಎಳೆದುಕೊಂಡದ್ದು ಕೈಗೆ ಗೊತ್ತಾಗಬೇಕು ಅನ್ನುವವರಿಗಾಗಿ ಬರೆಯುತ್ತಿದ್ದೇನೆ.

ಮಗಳ ಬಾಣಂತನಕ್ಕೆಂದು ಹೆಂಡತಿ ಏಪ್ರಿಲ್‌ನಲ್ಲೇ ಮಿನ್ನಿಯಾಪೊಲಿಸ್‌ಗೆ ಹೋಗಿದ್ದಳು. ನಾನು ಜೂನ್ ಮೊದಲ ವಾರ ಹೊರಡುವುದೆಂದಾಯಿತು. ಅಳಿಯ ಫೋನಿನಲ್ಲಿ, "ಮಾವ, ಕುಂದಾಪುರದ ಹೊಳೆಯಲ್ಲಿ ಕೆಂಬೇರಿ ಹಿಡಿದ ಕತೆ ಎಷ್ಟು ಸಲ ಹೇಳ್ತೀರಿ? ಇಲ್ಲಿಗೆ ಬನ್ನಿ, ವಾಲೈ ಹಿಡಿದು ತೋರಿಸಿ" ಎಂದ. ಮಾತು ನಾಟಿತು. ಮೂವತ್ತು ವರ್ಷ ಹೋಟೆಲಿನ ಲೆಕ್ಕಪುಸ್ತಕ ಬರೆದವನು ನಾನು, ಬಾಡಿಗೆಯ ಕೋಲಿಗೆ ಡಾಲರ್ ಕೊಡುವುದಕ್ಕಿಂತ ಇಲ್ಲಿಂದಲೇ ಒಂದು ಒಯ್ದರೆ ವಾಪಸು ಬಂದ ಮೇಲೂ ಆದೀತು ಎಂದು ಲೆಕ್ಕ ಹಾಕಿದೆ.

ಮಸ್ಜಿದ್ ಬಂದರ್ ಕಡೆಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಆರೂವರೆ ಅಡಿಯ ಸಣ್ಣ ಕೋಲು ಕೇಳಿದರೆ ಅಂಗಡಿಯವನು ಎಂಟು ಅಡಿ, ಹತ್ತು ಅಡಿಯ ದೊಣ್ಣೆಗಳನ್ನೇ ತೆಗೆದು ತೆಗೆದು ತೋರಿಸಿದ. ಕೊನೆಗೆ ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಬಟ್ಟೆಯ ಚೀಲ ಇಳಿಸಿ, "ಅಂಕಲ್, ಯೇ ತೋ ಬಚ್ಚೋಂ ಕಾ ಹೈ" ಎಂದ. ಚೀಲದಲ್ಲಿ ನಾಲ್ಕು ತುಂಡು. ಒಂದೊಂದೂ ಮೊಳಕ್ಕಿಂತ ತುಸು ಉದ್ದ, ಸರಿಯಾಗಿ ಅಳೆದರೆ 52 ಸೆಂಟಿಮೀಟರ್. ಜೋಡಿಸಿದರೆ 198. ಬೆಲೆ 4,200 ಹೇಳಿದ, 3,700ಕ್ಕೆ ಕೊಟ್ಟ.

ಬ್ರಾಂಡು ಯಾವುದು ಎಂದು ಕೇಳುವವರಿಗೆ: ಹಿಡಿಕೆಯ ಮೇಲಿನ ಸ್ಟಿಕ್ಕರ್ ನಂಬಬೇಡಿ. ಇದೇ ಕೋಲನ್ನು, ಇದೇ ಕಂದು ಕಾರ್ಕಿನ ಹಿಡಿಕೆ ಸಮೇತ, ಬೇರೆ ಎರಡು ಹೆಸರಿನಲ್ಲಿ ನಾನೇ ನೋಡಿದ್ದೇನೆ. ಹೆಸರಿನ ಬದಲು ಹಿಡಿಕೆಯ ಮೇಲ್ಗಡೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ಮೀಡಿಯಂ ಲೈಟ್, ಫಾಸ್ಟ್ ಆಕ್ಷನ್, 6ರಿಂದ 10 ಪೌಂಡಿನ ದಾರ. ಮೀಡಿಯಂ ಲೈಟ್ ಅಂದರೆ ಕೋಲಿನ ಬಲ ಹಗುರಕ್ಕೂ ನಡುಮಟ್ಟಕ್ಕೂ ಮಧ್ಯೆ. ಪೌಂಡಿನ ಲೆಕ್ಕ ದಾರ ತುಂಡಾಗದೆ ತಡೆಯುವ ಎಳೆತದ್ದು. ಫಾಸ್ಟ್ ಅಂದರೆ ಕೋಲು ಇಡಿಯಾಗಿ ಬಾಗುವುದಿಲ್ಲ, ತುದಿಯ ಮೂರನೇ ಒಂದು ಪಾಲು ಮಾತ್ರ ಬಾಗುತ್ತದೆ. ಕೆಳಗಿನ ಭಾಗ ಗಟ್ಟಿಯಾಗಿ ನಿಂತು ತುದಿಯ ನಡುಕವನ್ನು ಅಂಗೈಗೆ ತಲುಪಿಸುತ್ತದೆ. ನಮ್ಮೂರಿನ ಬಿದಿರಿನ ಕೋಲು ಇದಕ್ಕೆ ಉಲ್ಟಾ, ಬುಡದಿಂದಲೇ ಬಾಗುತ್ತಿತ್ತು. ಮೀನು ತಾನಾಗಿ ಸಿಕ್ಕಿಕೊಂಡರೆ ಸಿಕ್ಕಿತು, ಇಲ್ಲವಾದರೆ ಎರೆ ತಿಂದು ಹೋದದ್ದೂ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಜೋಡಿಸಿ ನೋಡಲು ಹೋಗಿ ಹಾಲಿನ ಫ್ಯಾನಿಗೆ ತುದಿ ತಾಗಿಸಿದೆ. ಕೋಲಿಗೇನೂ ಆಗಲಿಲ್ಲ, ಫ್ಯಾನಿನ ರೆಕ್ಕೆಗೆ ಗೀರು ಬಿತ್ತು. ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನು ಓದುವುದಿಲ್ಲ.

ನಾಲ್ಕೂ ತುಂಡು ಸೂಟ್‌ಕೇಸಿನಲ್ಲಿ, ಪಂಚೆ ಮತ್ತು ಉಪ್ಪಿನಕಾಯಿ ಡಬ್ಬಿಗಳ ನಡುವೆ ಸಲೀಸಾಗಿ ಕೂತವು. ಗಾಳಗಳನ್ನೂ ಚೆಕ್-ಇನ್ ಸಾಮಾನಿನಲ್ಲೇ ಹಾಕಿ, ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ ಜಗಳ ಮಾಡಬೇಡಿ.

ಈಗ ಮೀನಿನ ವಿಷಯ. ವಾಲೈ ನಮ್ಮ ದೇಶದ ಮೀನಲ್ಲ. ಉತ್ತರ ಅಮೆರಿಕದ ತಣ್ಣೀರಿನ ಕೆರೆ, ಹೊಳೆಗಳದ್ದು. ಬಂಗಾರ ಕಲಸಿದ ಪಾಚಿ ಬಣ್ಣದ ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಚುಕ್ಕೆ, ಬಾಯಿ ತುಂಬ ನಾಯಿಹಲ್ಲು. 1965ರಿಂದ ಅದು ಮಿನ್ನೆಸೋಟದ ರಾಜ್ಯಮೀನು. ಗ್ಯಾರಿಸನ್ ಎಂಬ ಊರಿನಲ್ಲಿ ಮಿಲ್ಯಾಕ್ಸ್ ಕೆರೆಯ ದಡಕ್ಕೆ ಅದರ ದೊಡ್ಡ ಮೂರ್ತಿಯನ್ನೇ ನಿಲ್ಲಿಸಿದ್ದಾರೆ. ನಾನೂ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡೆ. ಕೆರೆ ಅಂದೆನಲ್ಲ, ಆಚೆ ದಡ ಕಾಣುವುದಿಲ್ಲ. ಐನೂರು ಚದರ ಕಿಲೋಮೀಟರಿಗೂ ಮೀರಿದ ನೀರು. ಅಷ್ಟಿದ್ದೂ ಅತಿ ಆಳದಲ್ಲಿ 42 ಅಡಿ ಅಷ್ಟೆ. ನನಗೆ ಸಮುದ್ರದ ಮುಂದೆ ನಿಂತ ಹಾಗೇ ಆಯಿತು, ಉಪ್ಪಿನ ವಾಸನೆ ಮಾತ್ರ ಇಲ್ಲ.

ವಾಲೈ ಎಂಬ ಹೆಸರು ಬಂದದ್ದು ಅದರ ಕಣ್ಣಿನಿಂದ. ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇರುವುದರಿಂದ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ, ಕಲಕಿದ ನೀರಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅದು ತಿನ್ನುವ ಪರ್ಚ್ ಮೀನಿಗೆ ಅಷ್ಟು ಕಾಣುವುದಿಲ್ಲ. ಹಾಗಾಗಿ ಬೇಟೆಯ ಹೊತ್ತು ನಸುಕು ಮತ್ತು ಮುಸ್ಸಂಜೆ. ಮಟ ಮಟ ಮಧ್ಯಾಹ್ನ ಕನ್ನಡಿಯಂತೆ ನಿಂತ ನೀರಿನಲ್ಲಿ ಎಸೆದು ಕೂತರೆ ಕುತ್ತಿಗೆ ಸುಡುತ್ತದೆ ಹೊರತು ಬೇರೇನೂ ಆಗುವುದಿಲ್ಲ. ಗಾಳಿ ಬೀಸಿ ಅಲೆ ಎದ್ದರೆ ಅಲ್ಲಿಯವರಿಗೆ ಖುಷಿ. ಬೆಳಕು ಒಡೆದು ನೀರೊಳಗೆ ಮಬ್ಬಾಗುತ್ತದೆ, ಮೀನು ಧೈರ್ಯವಾಗಿ ಮೇಲಿನ ದಿಬ್ಬಗಳಿಗೆ ಬರುತ್ತದೆ.

ನಾವು ಗಾಳ ಹಾಕಿದ್ದು ಮಿಲ್ಯಾಕ್ಸ್‌ನಿಂದ ಮುಂದೆ, ಬ್ರೈನರ್ಡ್ ಕಡೆಯ ಒಂದು ಸಣ್ಣ ಕೆರೆಯಲ್ಲಿ. ಅಳಿಯ ಮೂರು ದಿನದ ಲೈಸೆನ್ಸ್ ಮಾಡಿಸಿದ್ದ, ಒಂದು ಅಲ್ಯುಮಿನಿಯಂ ದೋಣಿ ಬಾಡಿಗೆಗೆ ಹಿಡಿದಿದ್ದ. ಎರೆ ತರಲು ಹೋದ ಅಂಗಡಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಡಜನ್ ಲೆಕ್ಕದಲ್ಲಿ ಜಿಗಣೆ! ಮಳೆಗಾಲದಲ್ಲಿ ಕಾಲಿಗೆ ಹತ್ತಿದರೆ ಸುಣ್ಣ ಹಚ್ಚಿ ಕಿತ್ತು ಬಿಸಾಡುತ್ತಿದ್ದ ಜಿಗಣೆಯನ್ನು ದುಡ್ಡು ಕೊಟ್ಟು ಡಬ್ಬಿಯಲ್ಲಿ ತರುವುದೆಂದರೇನು ಮಾರಾಯ್ರೆ. ಇದು ರಕ್ತ ಹೀರುವ ಜಾತಿಯಲ್ಲ, ರಿಬ್ಬನಿನಂತೆ ಈಜುವುದು. ತಂಪಿನಲ್ಲಿಡಬೇಕು ಎಂದು ಅಳಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ಆ ರಾತ್ರಿ ಮನೆಯಲ್ಲಿ ಯಾರೂ ಮೊಸರು ಹಾಕಿಕೊಳ್ಳಲಿಲ್ಲ.

ಕೋಲಿಗೆ 10 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ, ಅದರ ತುದಿಗೆ ಒಂದು ಮಾರಿನಷ್ಟು 8 ಪೌಂಡಿನ, ನೀರಲ್ಲಿ ಸುಲಭಕ್ಕೆ ಕಾಣದ ಫ್ಲೂರೋಕಾರ್ಬನ್ ದಾರ, ಅದರ ಕೊನೆಗೆ ಔನ್ಸಿನ ಎಂಟನೇ ಒಂದು ಪಾಲು, ಅಂದರೆ ಮೂರೂವರೆ ಗ್ರಾಂ ತೂಕದ ಜಿಗ್. ಜಿಗ್ ಅಂದರೆ ಕುತ್ತಿಗೆಗೇ ಗುಂಡು ಹೊಯ್ದ ಗಾಳ. ಸೀಸದ್ದೂ ಸಿಗುತ್ತದೆ, ಆದರೆ ಅಲ್ಲಿನ ಲೂನ್ ಎಂಬ ನೀರುಹಕ್ಕಿ ಕಳಚಿ ಬಿದ್ದ ಸೀಸ ನುಂಗಿ ಸಾಯುತ್ತದೆ ಎಂದು ಅಳಿಯ ಟಂಗ್‌ಸ್ಟನ್‌ನದ್ದೇ ತಂದಿದ್ದ. ಅದನ್ನು ತಳ ಮುಟ್ಟುವವರೆಗೆ ಬಿಟ್ಟು, ಒಂದು ಗೇಣು ಎತ್ತಿ, ಮತ್ತೆ ಇಳಿಸುವುದು. ಅಷ್ಟೇ ಕೆಲಸ. ಈ ಕೋಲು ನನ್ನ ಮನಸ್ಸು ಗೆದ್ದದ್ದು ಅಲ್ಲಿ. ತಳ ಕೆಸರೋ, ಜಲ್ಲಿಯೋ, ಪಾಚಿಯೋ ಎಂಬುದು ಕಣ್ಣುಮುಚ್ಚಿದರೂ ತಿಳಿಯುತ್ತಿತ್ತು. ಕೆಸರಿನಲ್ಲಿ ಜಿಗ್ ಸದ್ದಿಲ್ಲದೆ ಕೂರುತ್ತದೆ, ಜಲ್ಲಿಯಲ್ಲಿ ಟಕ್ ಟಕ್ ಅನ್ನುತ್ತದೆ, ಪಾಚಿಯಲ್ಲಿ ಬೆಲ್ಲದ ಪಾಕ ಎಳೆದಂತೆ ಎಳೆಯುತ್ತದೆ.

ಆದರೆ ವಾಲೈ ಕಚ್ಚುವುದೇ ಇಲ್ಲ ಎಂದು ನಾನು ಮೊದಲ ಒಂದೂವರೆ ಗಂಟೆ ಅಂದುಕೊಂಡಿದ್ದೆ. ಅಳಿಯನಿಗೆ ಎರಡು ಸಿಕ್ಕಿದ್ದವು. ನಾನು ಕಾಯುತ್ತಿದ್ದದ್ದು ಕೆಂಬೇರಿಯ ಕಚ್ಚನ್ನು. ಕೆಂಬೇರಿ ತಂಗೂಸು ಕಿತ್ತುಕೊಂಡೇ ಓಡುತ್ತದೆ. ವಾಲೈ ಹಾಗಲ್ಲ. ಬಾಯಿ ತೆರೆದು ನೀರಿನ ಸಮೇತ ಜಿಗ್ಗನ್ನು ಒಳಗೆಳೆದುಕೊಂಡು ಸುಮ್ಮನೆ ನಿಲ್ಲುತ್ತದೆ. ನೀವು ಎತ್ತಿದಾಗ ಕೊಡದಲ್ಲಿ ಒಂದು ಲೋಟ ನೀರು ಹೆಚ್ಚಾದಷ್ಟು ಭಾರ. ಅಷ್ಟೇ ಸೂಚನೆ. ಅಥವಾ ಜಿಗ್ ಇಳಿಯಬೇಕಾದಷ್ಟು ಇಳಿಯದೆ ನಡುವೆಯೇ ದಾರ ಸಡಿಲಾಗುತ್ತದೆ. "ಮಾವ, ಈಗ ಬಂದಿತ್ತು, ನೀವು ಬಿಟ್ಟಿರಿ" ಎಂದು ಅಳಿಯ ನಾಲ್ಕು ಸಲ ಹೇಳಿದ ಮೇಲೆ, ಐದನೇ ಸಲ ಅನುಮಾನ ಬಂದದ್ದೇ ಮಣಿಕಟ್ಟು ಎತ್ತಿದೆ. ಕೋಲಿನ ತುದಿ ನೀರಿಗೆ ನಮಸ್ಕಾರ ಮಾಡಿತು. ಒಂಬತ್ತು ಗಂಟೆಗೆ ಮುಳುಗುವ ಸೂರ್ಯ ಆಗ ಮರದ ತುದಿಯಲ್ಲಿದ್ದ. 17 ಇಂಚಿನ ಮೀನು. ಆಮೇಲೆ ಕತ್ತಲಾಗುವವರೆಗೆ ಇನ್ನೂ ಮೂರು.

ಎತ್ತುವಾಗ ಕೈ ಜೋಪಾನ. ಬೆನ್ನಿನ ಮುಳ್ಳು, ಕಿವಿರುಮುಚ್ಚಳದ ಅಂಚು ಎರಡೂ ಬ್ಲೇಡಿನ ಹಾಗೆ. ನಮ್ಮಲ್ಲಿ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತುವ ರೂಢಿಯಿದ್ದವರು ಇಲ್ಲಿ ಹಾಗೆ ಮಾಡಿದರೆ ಹೆಬ್ಬೆರಳು ಹರಿಯುತ್ತದೆ. ಅಲ್ಲಿನ ಸಾಮಾನ್ಯ ನಿಯಮದಲ್ಲಿ 20 ಇಂಚಿಗಿಂತ ದೊಡ್ಡದನ್ನು ಒಬ್ಬರು ಒಂದೇ ಇಟ್ಟುಕೊಳ್ಳಬಹುದು, ಕೆಲವು ಕೆರೆಗಳಿಗೆ ಬೇರೆಯೇ ಅಳತೆ. ದೋಣಿಯಲ್ಲೇ ಅಳತೆಪಟ್ಟಿ ಅಂಟಿಸಿರುತ್ತಾರೆ. ನಮಗೆ ಆ ತೊಂದರೆ ಬರಲಿಲ್ಲ, ಅಷ್ಟು ದೊಡ್ಡದು ಸಿಗಲೂ ಇಲ್ಲ.

ಸ್ವಚ್ಛ ಮಾಡುವ ಕಟ್ಟೆಯಲ್ಲಿ ಅಲ್ಲಿಯವರು ಕರೆಂಟಿನ ಚಾಕುವಿನಿಂದ ಎರಡು ಕಡೆಯ ಹೋಳು ಸೀಳಿ, ತಲೆ ಮತ್ತು ನಡುಮುಳ್ಳು ಬಕೆಟ್ಟಿಗೆ ಎಸೆಯುತ್ತಿದ್ದರು. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಹೆಂಡತಿ, "ತಲೆ ಬಿಸಾಡುವುದಾ? ಅಷ್ಟೂ ತೆಗೆದುಕೊಂಡು ಬನ್ನಿ" ಎಂದಳು. ನಮ್ಮ ಮೀನಿನ ತಲೆಗಳನ್ನು ತಂದೆವು. ಗಸಿಗೆ ಹೆಪ್ಪುಗಟ್ಟಿದ ತೆಂಗಿನತುರಿಯೇ ಗತಿಯಾಯಿತು, ಮಾಟುಂಗಾದಿಂದ ಒಯ್ದ ಬ್ಯಾಡಗಿ ಮೆಣಸು ಮಾನ ಕಾಪಾಡಿತು. ಹೋಳಿಗೆ ರವೆ ಹಚ್ಚಿ ಹುರಿದದ್ದು ಮಾತ್ರ, ಸುಳ್ಳು ಹೇಳಬಾರದು, ಕಾಣೆಯ ಹತ್ತಿರ ಹತ್ತಿರ ಬಂದಿತ್ತು. ಬೆಳ್ಳಗೆ, ಪದರ ಪದರ, ಕೆಸರುವಾಸನೆ ಇಲ್ಲವೇ ಇಲ್ಲ. ಕಾಣೆಯ ಸಿಹಿ ಇಲ್ಲ, ಅಷ್ಟೇ ವ್ಯತ್ಯಾಸ.

ಸರಿ, ಮುಂಬೈಯಲ್ಲಿ ಇದು ಯಾತಕ್ಕೆ? ಇಲ್ಲಿನ ಪೊವಾಯಿ ಕೆರೆಯಲ್ಲಿ 1955ರಿಂದ ಗಾಳ ಹಾಕುವವರ ಸಂಘ, ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ. ಅಲ್ಲಿ ಸದಸ್ಯನಾದ ಗೆಳೆಯನ ಜೊತೆ ಸೆಪ್ಟೆಂಬರಿನಿಂದ ಆರೇಳು ಭಾನುವಾರ ಹೋದೆ. ಆತ ಬೆಂಡು ಕಟ್ಟಿ, ಶೇಂಗಾ ಹಿಂಡಿಯ ಉಂಡೆ ಹಾಕುವವನು. ನನ್ನ ಕೋಲು ನೋಡಿ "ಇದರಲ್ಲಿ ಹಲ್ಲು ಕಡ್ಡಿ ಮಾಡಿಕೋ" ಎಂದಿದ್ದ. ಎರಡು ಕಿಲೋದ ರೋಹು ಬಂದಾಗ ರೀಲಿನ ಬಿಗಿ ಸಡಿಲಿಸಿ ಹತ್ತು ನಿಮಿಷ ಓಡಾಡಿಸಿ ದಡಕ್ಕೆ ತಂದೆ, ಕೋಲು ಕೊರಗಲಿಲ್ಲ. ಜಿಲೇಬಿ ಮೀನಿನ ಚಿಟುಕು ಕೂಡ ಬೆಂಡು ಅಲುಗುವ ಮೊದಲೇ ಕೈಗೆ ಬರುತ್ತದೆ. ಕಾಟ್ಲಾ ಬಂದರೆ ಬೇರೆ ಮಾತು. ಒಂದು ಕಾಟ್ಲಾ ಹಿಡಿದದ್ದೇ ನೇರ ಜಲಕುಂಭಿ ಕಳೆಯ ರಾಶಿಗೆ ನುಗ್ಗಿತು. ಅದನ್ನು ತಿರುಗಿಸುವ ತಾಕತ್ತು ಈ ಕೋಲಿನ ಬೆನ್ನಿಗೆ ಇಲ್ಲ. ಇಳಿದು ಬಿಡಿಸೋಣವೆಂದರೆ ಮೊಸಳೆ ಇರುವ ಕೆರೆ. ದಾರ ಕತ್ತರಿಸಿದೆ. ಪೊವಾಯಿಗೆ ದೊಡ್ಡ ಮೀನಿನ ಆಸೆಯಿಂದ ಹೋಗುವವರು ಇದಕ್ಕಿಂತ ಎರಡು ದರ್ಜೆ ಗಟ್ಟಿಯಾದದ್ದನ್ನೇ ತೆಗೆದುಕೊಳ್ಳಿ.

ದೂರುಗಳೂ ಇವೆ. ನಾಲ್ಕು ತುಂಡು ಅಂದರೆ ಮೂರು ಸಂದು, ಎಸೆದು ಎಸೆದು ಅವು ತಿರುಗಿ ಸಡಿಲಾಗುತ್ತವೆ. ದಾರ ಹಾಯುವ ಉಂಗುರಗಳು ಸಾಲಾಗಿ ಕಾಣದಿದ್ದರೆ ಸಂದು ಬಿಟ್ಟಿದೆ ಎಂದೇ ಲೆಕ್ಕ, ಹಾಗೇ ಎಸೆದರೆ ಆ ಜಾಗದಲ್ಲೇ ಸೀಳುತ್ತದೆ. ಇಪ್ಪತ್ತು ಸಲ ಎಸೆದ ಮೇಲೆ ಒಮ್ಮೆ ಒತ್ತಿ ನೋಡುವುದು, ಸಂದಿಗೆ ಮೇಣದಬತ್ತಿ ತಿಕ್ಕುವುದು, ಇವೆರಡೂ ನನಗೆ ಈಗ ಅಭ್ಯಾಸ. ರೀಲು ಕೂರಿಸುವ ತಿರುಪು ಪ್ಲಾಸ್ಟಿಕ್ಕಿನದು, ನಂಬಿಕೆ ಬರುವುದಿಲ್ಲ, ಇನ್ನೂ ಮುರಿದಿಲ್ಲ.

ಮುರಿದದ್ದು ತುದಿಯ ಉಂಗುರ. ಅದರೊಳಗೆ ನುಣುಪಾದ ಪಿಂಗಾಣಿಯ ಬಳೆ ಇರುತ್ತದೆ, ದಾರ ಅದರ ಮೇಲೆ ಜಾರುತ್ತದೆ. ಅಕ್ಟೋಬರಿನಲ್ಲಿ ಅದು ಯಾವಾಗ ಉದುರಿತೋ ನನಗೆ ಗೊತ್ತಾಗಲಿಲ್ಲ. ಬರೀ ಲೋಹದ ಅಂಚಿಗೆ ಬ್ರೇಡ್ ತಿಕ್ಕಿ ತಿಕ್ಕಿ, ಒಳ್ಳೆಯ ರೋಹು ಅರ್ಧ ದಾರಿಯಲ್ಲಿದ್ದಾಗ ಪಟ್ ಎಂದಿತು. ಅಂಗಡಿಗೆ ಒಯ್ದೆ. ಆರು ತಿಂಗಳ ಗ್ಯಾರಂಟಿ ಎಂದು ಬಾಯಲ್ಲಿ ಹೇಳಿದ್ದವನು, ಬಿಲ್ಲಿನಲ್ಲಿ ಎಲ್ಲಿ ಬರೆದಿದೆ ಎಂದು ಕೇಳಿದ. ಬರೆದಿರಲಿಲ್ಲ. ಮೂವತ್ತು ವರ್ಷ ಬಿಲ್ಲು ಬರೆದ ನನಗೆ ಆ ಮಾತು ಕೇಳಿಸಿಕೊಳ್ಳಬೇಕಾಯಿತು. ಕೊಳ್ಳುವಾಗಲೇ ಹತ್ತಿಯ ಉಂಡೆಯನ್ನು ಪ್ರತಿ ಉಂಗುರದೊಳಗೆ ತೂರಿಸಿ ತಿರುಗಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಬಳೆ ಸೀಳಿದೆ ಎಂದರ್ಥ, ಆ ಕೋಲು ಬೇಡ.

ಸದ್ಯಕ್ಕೆ ಬೇರೊಂದು ಹಳೆಯ ಕೋಲಿನ ಉಂಗುರ ಬಿಚ್ಚಿ, ಬಿಸಿ ಅಂಟಿನಿಂದ ಕೂರಿಸಿದ್ದೇನೆ. ಒಂದು ನೂಲು ದಪ್ಪ ಹೆಚ್ಚು, ತುದಿಗೆ ಭಾರ ಬಂದು ಆ ಸೂಕ್ಷ್ಮ ಸ್ವಲ್ಪ ಹೋಗಿದೆ. 3,700 ಕೊಟ್ಟದ್ದಕ್ಕೆ ಬೇಸರವಿಲ್ಲ, ತುದಿಯ ತುಂಡು ಬಿಡಿಯಾಗಿ ಸಿಕ್ಕರೆ ನಾಳೆಯೇ ಕೊಳ್ಳುತ್ತೇನೆ. ಮುಂಬೈ, ಠಾಣೆಯಲ್ಲಿ ಎಲ್ಲಿಯಾದರೂ ಹಾಗೆ ಮಾರುವವರು ಇದ್ದರೆ ತಿಳಿಸಿ. ಸಂದಿನ ಒಳಗಿನ ಅಗಲ ಸರಿಯಾಗಿ 3 ಮಿಲಿಮೀಟರ್, ಬಣ್ಣ ಯಾವುದಾದರೂ ಆದೀತು.